ಕೋಳಿ ಗೊಬ್ಬರ, ಬೋರ್‌ವೆಲ್ ನೀರು, ನೈಟ್ರೇಟ್: ಗೊಬ್ಬರಕ್ಕೂ ಕಾನೂನು ಬೇಕಾ?

ತೋಟದ_ಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ. ಟೊಮೆಟೊ, ಒಂದಿಷ್ಟು ಮಾವು, ನಾಲ್ಕು ಹಸು. ಮನೆ ತೋಟದಲ್ಲೇ ಇದೆ. ಕುಡಿಯೋದಕ್ಕೂ ಬೆಳೆಗೂ ಒಂದೇ ಬೋರ್. ನಮ್ಮ ಕಡೆ ಫ್ಲೋರೈಡ್ ಭಯ ಜಾಸ್ತಿ ಅಲ್ವಾ, ಅದಕ್ಕೇ ನೀರು ಪರೀಕ್ಷೆ ಮಾಡಿಸಿದೆ. ಫ್ಲೋರೈಡ್ ಮಿತಿಯೊಳಗೇ ಇದೆ. ಆದರೆ ನೈಟ್ರೇಟ್ ಲೀಟರಿಗೆ 110 ಮಿಲಿಗ್ರಾಂ ಅಂತ ಬಂದಿದೆ. ಮಿತಿ 45 ಅಂತೆ.

ನನ್ನ ಅನುಮಾನ ಕೋಳಿ ಗೊಬ್ಬರದ ಮೇಲೆ. ನಮ್ಮ ಬೋರ್‌ನಿಂದ ನೂರು ಅಡಿ ಇರಬಹುದು, ಪಕ್ಕದ ಜಮೀನಿನವರು ಲಾರಿಗಟ್ಟಲೆ ತರಿಸಿ ಗುಡ್ಡೆ ಹಾಕುತ್ತಾರೆ. ಬೇಸಿಗೆಯಲ್ಲಿ ಬಂದ ಗೊಬ್ಬರ ಮಳೆಗಾಲ ಮುಗಿದರೂ ಅಲ್ಲೇ ಇರುತ್ತದೆ. ಮಳೆ ಬಂದರೆ ಗುಡ್ಡೆಯ ಬುಡದಿಂದ ಕಪ್ಪು ನೀರು ಹರಿದು ಅಲ್ಲೇ ಇಂಗುತ್ತದೆ. ಕೇಳಿದರೆ "ಗೊಬ್ಬರ ಕಣಪ್ಪ, ವಿಷ ಅಲ್ಲ" ಅನ್ನುತ್ತಾರೆ. ಪಂಚಾಯಿತಿಯಲ್ಲಿ ಹೇಳಿದರೆ ನಕ್ಕರು.

ಯೂರೋಪಿನಲ್ಲಿ ಎಕರೆಗೆ ಇಷ್ಟೇ ಗೊಬ್ಬರ, ಇಂಥ ತಿಂಗಳಲ್ಲಿ ಹಾಕಬಾರದು ಅಂತೆಲ್ಲ ಕಾನೂನು ಇದೆ ಅಂತ ಕೇಳಿದ್ದೇನೆ. ನಮಗೂ ಅಂಥದ್ದು ಬೇಕಾ? ಬಂದರೆ ನಡೆಯುತ್ತದಾ?

ಬೋರ್‌ವೆಲ್_ಬಾಬು
ಚೆನ್ನಾಗಿ ಕಾಯಿಸಿ ಆರಿಸಿ ಕುಡಿಯಿರಿ ಸರ್. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮಕ್ಕಳ_ಡಾಕ್ಟ್ರು
ದಯವಿಟ್ಟು ಮೇಲಿನ ಸಲಹೆ ಯಾರೂ ಪಾಲಿಸಬೇಡಿ. ಕಾಯಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ಜಾಸ್ತಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಎರಡೂ ಇದಕ್ಕೆ ಪ್ರಯೋಜನವಿಲ್ಲ. ಆರ್‌ಓ ಬಹುಪಾಲು ತೆಗೆಯುತ್ತದೆ.

ತೋಟದ ಮನೆಯವರೇ, ಮನೆಯಲ್ಲಿ 6 ತಿಂಗಳೊಳಗಿನ ಮಗು ಇದೆಯಾ? ಬಾಟಲಿ ಹಾಲು ಕುಡಿಯುವ ಮಗು ಇದ್ದರೆ ಆ ಪುಡಿ ಕಲೆಸಲು ಈ ನೀರು ಬೇಡವೇ ಬೇಡ. ಅಷ್ಟು ಸಣ್ಣ ಮಕ್ಕಳ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗುತ್ತದೆ, ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಹೊರಲು ಬಿಡುವುದಿಲ್ಲ. ಮಗುವಿನ ತುಟಿ, ಉಗುರು ನೀಲಿಯಾಗುತ್ತವೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಇದಕ್ಕೂ ತೋಟದ ಬಾವಿಗಳಿಗೂ ನಂಟಿದೆ ಅಂತ ಮೊದಲು ಬರೆದರು. ಇವತ್ತಿನ ಮಿತಿಗಳು ಹುಟ್ಟಿದ್ದೇ ಅಲ್ಲಿಂದ.

ದೊಡ್ಡವರಿಗೆ ತಕ್ಷಣ ಏನೂ ಕಾಣುವುದಿಲ್ಲ. ಡೆನ್ಮಾರ್ಕಿನಲ್ಲಿ 27 ಲಕ್ಷ ಜನರ ದಾಖಲೆ ನೋಡಿ 2018ರಲ್ಲಿ ಬಂದ ಅಧ್ಯಯನದಲ್ಲಿ, ಮಿತಿಗಿಂತ ತುಂಬಾ ಕಡಿಮೆ ನೈಟ್ರೇಟ್ ಇದ್ದ ಕಡೆಯೂ ದೊಡ್ಡ ಕರುಳಿನ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿತ್ತು. ನೈಟ್ರೇಟೇ ಕಾರಣ ಅಂತ ಅದರಿಂದ ತೀರ್ಮಾನ ಆಗುವುದಿಲ್ಲ. ಆದರೆ 110 ಅನ್ನೋದು ನಿರ್ಲಕ್ಷ್ಯ ಮಾಡುವ ಅಂಕಿ ಅಲ್ಲ.

ತೋಟದ_ಮನೆ
ಸಣ್ಣ ಮಗು ಇಲ್ಲ ಮೇಡಂ. ಆದರೆ ತಂಗಿ ಬಾಣಂತನಕ್ಕೆ ಬರುತ್ತಾಳೆ. ಇವತ್ತಿಂದಲೇ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಿದ್ದೇವೆ.

ಸಾವಯವ_ಸಿದ್ದ
ಗೊಬ್ಬರಕ್ಕೆ ಕಾನೂನಾ? ನಗು ಬರುತ್ತದೆ. ಸಾವಿರಾರು ವರ್ಷದಿಂದ ನಮ್ಮ ಹಿರಿಯರು ತಿಪ್ಪೆ ಗೊಬ್ಬರ ಹಾಕಿಕೊಂಡು ಬಂದಿದ್ದಾರೆ. ಆಗ ಯಾರ ಬಾವಿ ಕೆಟ್ಟಿತ್ತು? ಎಲ್ಲ ಕೆಟ್ಟಿದ್ದು ಯೂರಿಯಾ ಬಂದ ಮೇಲೆ. ಮೂಟೆ ಯೂರಿಯಾ ಮೇಲೆ ಕಾನೂನು ಮಾಡಿ, ಸಗಣಿಯ ತಂಟೆಗೆ ಬರಬೇಡಿ.

ಮಣ್ಣಿನ_ಮೇಷ್ಟ್ರು
ಸಿದ್ದಣ್ಣ, ಅರ್ಧ ಸರಿ, ಅರ್ಧ ತಪ್ಪು. ನೀರಿಗೆ ಇಳಿಯುವ ನೈಟ್ರೇಟ್‌ಗೆ ತಾನು ಯೂರಿಯಾದಿಂದ ಬಂದೆನೋ ಕೋಳಿಯಿಂದ ಬಂದೆನೋ ಗೊತ್ತಿರುವುದಿಲ್ಲ. ಎರಡರಲ್ಲೂ ಇರುವ ಸಾರಜನಕ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಂ ಜೇಡಿ ಕಣಕ್ಕೆ ಅಂಟಿಕೊಳ್ಳುತ್ತದೆ. ನೈಟ್ರೇಟ್ ಅಂಟುವುದಿಲ್ಲ, ಯಾಕೆಂದರೆ ಜೇಡಿಯದ್ದೂ ಋಣ ವಿದ್ಯುತ್, ಇದರದ್ದೂ ಋಣ. ಬೇರು ಹೀರಿಕೊಂಡಷ್ಟು ಹೀರಿಕೊಂಡಿತು, ಉಳಿದದ್ದು ನೀರಿನ ಜೊತೆ ಕೆಳಗೆ. ಕೋಲಾರದ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಇನ್ನೂ ಬೇಗ.

ಈಗ ಲೆಕ್ಕಕ್ಕೆ ಬನ್ನಿ. ಒಳ್ಳೆ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು 0.5%. ಎಕರೆಗೆ 10 ಟನ್ ಹಾಕಿದರೆ 50 ಕಿಲೋ. ಅದೂ ನಿಧಾನವಾಗಿ, ಎರಡು ಮೂರು ವರ್ಷದಲ್ಲಿ ಬಿಡುಗಡೆಯಾಗುತ್ತದೆ. ಕೋಳಿ ಗೊಬ್ಬರದಲ್ಲಿ 2.5ರಿಂದ 3% ಇರುತ್ತದೆ. ಅದೇ 10 ಟನ್ ಹಾಕಿದರೆ 250ರಿಂದ 300 ಕಿಲೋ. ಅದರಲ್ಲಿ ದೊಡ್ಡ ಪಾಲು ಯೂರಿಕ್ ಆಮ್ಲ, ಕೆಲವೇ ವಾರದಲ್ಲಿ ಕರಗುತ್ತದೆ. 45 ಕಿಲೋ ಯೂರಿಯಾ ಮೂಟೆಯಲ್ಲಿ ಸಾರಜನಕ 20.7 ಕಿಲೋ. ಅಂದರೆ ಎಕರೆಗೆ 10 ಟನ್ ಕೋಳಿ ಗೊಬ್ಬರ ಸುರಿದವನು ಒಂದು ಡಜನ್ ಮೂಟೆಗೂ ಮೇಲೆ ಯೂರಿಯಾ ಸುರಿದ ಹಾಗೆ. ಅದರ ಮೇಲೆ ಡ್ರಿಪ್ಪಿನಲ್ಲಿ ರಸಗೊಬ್ಬರ ಬೇರೆ ಬಿಡುತ್ತಾನೆ.

ನಿಮ್ಮ ಅಜ್ಜನ ಕಾಲದಲ್ಲಿ ಬಾವಿ ಕೆಡಲಿಲ್ಲ ಯಾಕೆಂದರೆ ಅಜ್ಜನ ಹತ್ತಿರ ಇದ್ದದ್ದು ನಾಲ್ಕು ಎತ್ತಿನ ಸಗಣಿ. ಹೊಲ ಹತ್ತು ಎಕರೆ.

ಸಾವಯವ_ಸಿದ್ದ
ಹಾಗಾದರೆ ಕೋಳಿ ಗೊಬ್ಬರದ ಮೇಲೆ ಮಾತಾಡಿ, "ಗೊಬ್ಬರ" ಅಂತ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಮಣ್ಣಿನ_ಮೇಷ್ಟ್ರು
ಒಪ್ಪಿದೆ. ಅದನ್ನೇ ನಾನೂ ಹೇಳಿದ್ದು.

ಮಂಡ್ಯ_ಗೌಡ್ರು
ನಮ್ಮ ಕಡೆ ಬನ್ನಿ ಗುರು, ಕಬ್ಬಿನ ಗದ್ದೆಗೆ ಯೂರಿಯಾ ಎರಚಿ ಮಾರನೇ ದಿನ ನಾಲೆ ನೀರು ತುಂಬಾ ಬಿಡುತ್ತಾರೆ. ಗೊಬ್ಬರ ಯಾರ ಗದ್ದೆಗೆ ಹೋಯಿತು ದೇವರಿಗೇ ಗೊತ್ತು. ಯೂರಿಯಾ ಮೂಟೆ 270 ರೂಪಾಯಿ ಒಳಗೇ ಸಿಗುತ್ತಿರುವಾಗ ಯಾರು ಲೆಕ್ಕ ಹಾಕುತ್ತಾರೆ? ಸಾರಜನಕ ನಿಧಾನವಾಗಿ ಬಿಡಲಿ ಅಂತ ಯೂರಿಯಾಗೆ ಬೇವು ಲೇಪನ ಕಡ್ಡಾಯ ಮಾಡಿದ್ದು ಒಳ್ಳೇದೇ ಆಯಿತು, ಆದರೆ ನೀರು ಬಿಡುವ ರೀತಿ ಬದಲಾಗಲಿಲ್ಲ.

ನೆದರ್‌ಲ್ಯಾಂಡ್ಸ್_ನಂಜುಂಡ
ನಾನು ಡಚ್ ನಾಡಿನಲ್ಲಿದ್ದೇನೆ. ಮೂಲ ಹಾಸನ. ಇಲ್ಲಿನ ಹಾಲಿನ ರೈತರ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಕೆಲಸ. ಹಾಗಾಗಿ ಈ ವಿಷಯ ದಿನಾ ಕಿವಿಗೆ ಬೀಳುತ್ತದೆ.

ಯೂರೋಪ್ ಒಕ್ಕೂಟ 1991ರಲ್ಲಿ ನೈಟ್ರೇಟ್ ನಿರ್ದೇಶನ ತಂದಿತು. ಅಂತರ್ಜಲದಲ್ಲಿ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ದಾಟಬಾರದು. ದಾಟಿದ ಅಥವಾ ದಾಟುವ ಸಾಧ್ಯತೆ ಇರುವ ಪ್ರದೇಶಗಳಲ್ಲಿ ಜಾನುವಾರು ಗೊಬ್ಬರದಿಂದ ಬರುವ ಸಾರಜನಕ ಹೆಕ್ಟೇರಿಗೆ ವರ್ಷಕ್ಕೆ 170 ಕಿಲೋ ಮೀರುವಂತಿಲ್ಲ. ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು 69 ಕಿಲೋ. ಚಳಿಗಾಲದಲ್ಲಿ ಬಗ್ಗಡ (ಸಗಣಿ, ಗಂಜಲ ಕಲೆತ ನೀರು ಗೊಬ್ಬರ) ಹಾಕುವಂತಿಲ್ಲ, ಯಾಕೆಂದರೆ ಆಗ ಬೆಳೆ ಇಲ್ಲ, ಮಳೆ ಇದೆ. ಹಾಗಾಗಿ ಅಷ್ಟು ತಿಂಗಳ ಬಗ್ಗಡ ಹಿಡಿಯುವ ತೊಟ್ಟಿ ರೈತನ ಹತ್ತಿರ ಇರಲೇಬೇಕು. ಹಳ್ಳ ಕಾಲುವೆಯ ಅಂಚಿನಲ್ಲಿ ಒಂದು ಪಟ್ಟಿ ಬಿಡಬೇಕು. ಗೊಬ್ಬರ ಸಾಗಿಸುವ ಲಾರಿಗೆ ಜಿಪಿಎಸ್. ಎಲ್ಲಿ ತುಂಬಿತು, ಎಲ್ಲಿ ಇಳಿಸಿತು, ಎಷ್ಟು ಟನ್, ಸಾರಜನಕ ಎಷ್ಟು, ಎಲ್ಲ ದಾಖಲೆ.

ಡಚ್ಚರಿಗೆ 2006ರಿಂದ ವಿನಾಯಿತಿ ಇತ್ತು. ಹುಲ್ಲುಗಾವಲು ಹೆಚ್ಚಿರುವ ಹಾಲಿನ ರೈತ 250 ಕಿಲೋ ತನಕ ಹಾಕಬಹುದಿತ್ತು. ನೀರು ಸುಧಾರಿಸಲಿಲ್ಲ ಅಂತ 2022ರಲ್ಲಿ ಒಕ್ಕೂಟ ಅದನ್ನು ಹಂತಹಂತವಾಗಿ ತೆಗೆಯಲು ತೀರ್ಮಾನಿಸಿತು. ಪರಿಣಾಮ ಏನು ಗೊತ್ತಾ? ಇಲ್ಲಿನ ರೈತ ತನ್ನ ಹೆಚ್ಚುವರಿ ಸಗಣಿ ಬೇರೆಯವರು ಒಯ್ಯಲಿ ಅಂತ ತಾನೇ ದುಡ್ಡು ಕೊಡುತ್ತಾನೆ. ನಮ್ಮೂರಿನಲ್ಲಿ ಟ್ರ್ಯಾಕ್ಟರ್ ಗೊಬ್ಬರಕ್ಕೆ ದುಡ್ಡು ಕೊಟ್ಟು ಕಾಯುತ್ತಾರೆ, ಇಲ್ಲಿ ದುಡ್ಡು ಕೊಟ್ಟು ಕಳಿಸುತ್ತಾರೆ. ನಮ್ಮಪ್ಪನಿಗೆ ಹೇಳಿದರೆ ನಂಬಲೇ ಇಲ್ಲ.

ಎಲೆಮರೆ_ಕಾಯಿ
ಅದಕ್ಕೇ ಅಲ್ವಾ ಡಚ್ ರೈತರು 2019ರಲ್ಲಿ ಟ್ರ್ಯಾಕ್ಟರ್ ತಂದು ಹೆದ್ದಾರಿ ಬಂದ್ ಮಾಡಿದ್ದು? ಆ ಗತಿ ನಮಗೂ ಬೇಕಾ?

ನೆದರ್‌ಲ್ಯಾಂಡ್ಸ್_ನಂಜುಂಡ
ಅದು ಬೇರೆ ಜಗಳ ಸರ್, ಎಲ್ಲರೂ ಕಲಸುತ್ತಾರೆ. 2019ರದ್ದು ಕೊಟ್ಟಿಗೆಯಿಂದ ಗಾಳಿಗೆ ಹೋಗುವ ಅಮೋನಿಯಾ, ಅದು ಕಾಡು ಕುರುಚಲಿನ ಮೇಲೆ ಬೀಳುವ ವಿಷಯ. ಆ ವರ್ಷ ಮೇ ತಿಂಗಳಲ್ಲಿ ಇಲ್ಲಿನ ಉನ್ನತ ನ್ಯಾಯಮಂಡಳಿ ಸರ್ಕಾರದ ಪರವಾನಗಿ ಪದ್ಧತಿ ತಳ್ಳಿಹಾಕಿತು, ಜಾನುವಾರು ಅರ್ಧಕ್ಕೆ ಇಳಿಸಿ ಅಂತ ರಾಜಕಾರಣಿಯೊಬ್ಬರು ಅಂದರು, ಬೆಂಕಿ ಹತ್ತಿತು. ನೀರಿನ ನೈಟ್ರೇಟ್ ಕಾನೂನು ಅದಕ್ಕಿಂತ ತುಂಬಾ ಹಳೆಯದು. ರೈತರಿಗೆ ಎರಡರ ಮೇಲೂ ಸಿಟ್ಟಿದೆ ಅನ್ನೋದು ನಿಜ.

ಮಲ್ನಾಡ್_ಮಗಳು
ನಮ್ಮ ಕಾಫಿ ತೋಟಕ್ಕೂ ತಮಿಳುನಾಡಿನ ಕಡೆಯಿಂದ ಕೋಳಿ ಗೊಬ್ಬರದ ಲಾರಿ ಬರುತ್ತದೆ. ಇಳಿಸಿದ ವಾರ ನೊಣದ ಕಾಟದಲ್ಲಿ ಊಟ ಮಾಡೋದಕ್ಕೆ ಆಗುವುದಿಲ್ಲ. ನೀರಿನ ವಿಷಯ ಯಾರೂ ಯೋಚಿಸಿಲ್ಲ, ನೊಣದ ವಿಷಯಕ್ಕೇ ಜಗಳ. ಇಲ್ಲಿ ಮಳೆ ಜಾಸ್ತಿ, ಬೆಟ್ಟದ ಇಳಿಜಾರು. ಗುಡ್ಡೆಯಿಂದ ಹರಿದದ್ದು ನೇರ ಹಳ್ಳಕ್ಕೆ.

ಲೇಯರ್_ಫಾರ್ಮ್_ಲೋಕೇಶ
ಎಲ್ಲರೂ ಕೋಳಿ ಮೇಲೆ ಬಿದ್ದಿದ್ದೀರಿ, ಸ್ವಲ್ಪ ನಮ್ಮ ಮಾತೂ ಕೇಳಿ. ನನ್ನದು 30 ಸಾವಿರ ಲೇಯರ್, ಅಂದರೆ ಮೊಟ್ಟೆ ಕೋಳಿ. ಒಂದು ಕೋಳಿ ದಿನಕ್ಕೆ 100 ಗ್ರಾಂ ಮೇಲೆ ಹಸಿ ಹಿಕ್ಕೆ ಹಾಕುತ್ತದೆ. ಅಂದರೆ ದಿನಕ್ಕೆ 3 ಟನ್. ಅದನ್ನು ಮಾರದೆ ನಾನು ತಲೆ ಮೇಲೆ ಇಟ್ಟುಕೊಳ್ಳಲಾ?

ಕಾನೂನು ಇಲ್ಲ ಅನ್ನಬೇಡಿ. 5,000ಕ್ಕಿಂತ ಜಾಸ್ತಿ ಕೋಳಿ ಇದ್ದರೆ 2023ರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಜನ ವಾಸ ಮಾಡುವ ಕಡೆಯಿಂದ 500 ಮೀಟರ್, ಕುಡಿಯುವ ನೀರಿನ ಮೂಲದಿಂದ 100 ಮೀಟರ್ ದೂರ ಇರಬೇಕು ಅಂತ ಕೇಂದ್ರ ಮಂಡಳಿಯ ಮಾರ್ಗಸೂಚಿ ಇದೆ. ನನ್ನ ಶೆಡ್ಡಿನಲ್ಲಿ ಗೊಬ್ಬರ ಸೂರಿನ ಕೆಳಗೆ, ಕಾಂಕ್ರೀಟ್ ನೆಲದ ಮೇಲೆ ಇರುತ್ತದೆ. ಲಾರಿ ಗೇಟು ದಾಟಿದ ಮೇಲೆ ತಗೊಂಡವನು ಎಲ್ಲಿ ಗುಡ್ಡೆ ಹಾಕುತ್ತಾನೆ ಅನ್ನೋದು ನನ್ನ ಕೈಯಲ್ಲಿಲ್ಲ.

ತೋಟದ_ಮನೆ
ಲೋಕೇಶಣ್ಣ, ನನ್ನ ಸಮಸ್ಯೆ ಇರೋದೇ ಅಲ್ಲಿ. ಗೇಟಿನ ಒಳಗೆ ಕಾನೂನು ಇದೆ. ಗೇಟಿನ ಆಚೆ ಯಾರದ್ದೂ ಇಲ್ಲ.

ಮಣ್ಣಿನ_ಮೇಷ್ಟ್ರು
ಇದು ಸರಿಯಾದ ಮಾತು. 1985ರ ರಸಗೊಬ್ಬರ ನಿಯಂತ್ರಣ ಆದೇಶ ನೋಡಿ. ಮಾರುವ ಗೊಬ್ಬರದ ಗುಣಮಟ್ಟ, ಮಾರಾಟ, ಬೆಲೆ ಅಷ್ಟೇ ಅದರ ಕೆಲಸ. ಎಕರೆಗೆ ಎಷ್ಟು ಹಾಕಬೇಕು, ಬಾವಿಯಿಂದ ಎಷ್ಟು ದೂರ ಇಡಬೇಕು ಅಂತ ಅದು ಹೇಳುವುದಿಲ್ಲ. ನಮ್ಮ ರಾಜ್ಯದ 2011ರ ಅಂತರ್ಜಲ ಕಾಯ್ದೆಯ ಚಿಂತೆ ಎಲ್ಲ ಬೋರ್ ಕೊರೆಯುವುದರದ್ದು, ನೀರು ಎತ್ತುವುದರದ್ದು.

ಮುಳಬಾಗಿಲ_ದೋಸೆ
ಒಂದು ನಿಮಿಷ. ಎಲ್ಲರೂ ಗೊಬ್ಬರ ಗೊಬ್ಬರ ಅಂತಿದ್ದೀರಿ. ಪಾಯಿಖಾನೆ ಗುಂಡಿಯ ವಿಷಯ ಯಾಕೆ ಯಾರೂ ಎತ್ತುತ್ತಿಲ್ಲ? ನಮ್ಮ ಮುಳಬಾಗಿಲಿನಲ್ಲಿ ಐಐಎಸ್‌ಸಿ ವಿಜ್ಞಾನಿಗಳು ಅಧ್ಯಯನ ಮಾಡಿದ್ದರು. ಗುಂಡಿ ಶೌಚಾಲಯದಿಂದ ಇಳಿದ ನೈಟ್ರೇಟ್ ಬೋರ್‌ವೆಲ್ ನೀರಿಗೆ ಸೇರಿದ್ದು ಕಂಡಿತ್ತು. ನಮ್ಮ ಕಡೆ ಮೇಲೆ ಸ್ವಲ್ಪ ಮಣ್ಣು, ಕೆಳಗೆ ಬಂಡೆ, ಬಂಡೆಯಲ್ಲಿ ಬಿರುಕು. ಬಿರುಕಿಗೆ ಇಳಿದರೆ ಮುಗಿಯಿತು, ಸೋಸುವುದಕ್ಕೆ ಏನೂ ಇಲ್ಲ.

ತೋಟದ ಮನೆಯವರೇ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮನೆಯ ಗುಂಡಿ ಬೋರ್‌ನಿಂದ ಎಷ್ಟು ದೂರ? ನಿಮ್ಮ ಕೊಟ್ಟಿಗೆಯ ಗಂಜಲ ಎಲ್ಲಿಗೆ ಹೋಗುತ್ತದೆ?

ತೋಟದ_ಮನೆ
ಗುಂಡಿ ಮನೆ ಹಿಂದೆ, ಬೋರ್‌ನಿಂದ 60 ಅಡಿ. ಗಂಜಲ ಬಚ್ಚಲ ನೀರಿನ ಜೊತೆ ಬಾಳೆಗೆ ಹೋಗುತ್ತದೆ.

ಮುಳಬಾಗಿಲ_ದೋಸೆ
ನೋಡಿ ಮತ್ತೆ! ಪಕ್ಕದವರನ್ನು ಕೋರ್ಟಿಗೆ ಎಳೆಯುವ ಮೊದಲು ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಬೋರ್‌ವೆಲ್_ಬಾಬು
ಮನೆಯದ್ದಾ, ಕೋಳಿಯದ್ದಾ ಅಂತ ಕಂಡುಹಿಡಿಯೋ ಟೆಸ್ಟ್ ಇಲ್ವಾ?

ಮಣ್ಣಿನ_ಮೇಷ್ಟ್ರು
ಇದೆ, ಪೂರ್ತಿ ಇಲ್ಲ. ಸಾರಜನಕದ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಅಳೆದರೆ ರಾಸಾಯನಿಕ ಗೊಬ್ಬರದ್ದಾ, ಇಲ್ಲ ಮಲ ಮೂತ್ರದ್ದಾ ಅಂತ ಸುಮಾರಾಗಿ ಗೊತ್ತಾಗುತ್ತದೆ. ಆದರೆ ಮನುಷ್ಯರದ್ದಾ ಪ್ರಾಣಿಯದ್ದಾ ಅಂತ ಅದೊಂದರಿಂದಲೇ ಹೇಳುವುದು ಕಷ್ಟ. ಅದಕ್ಕೆ ಬೋರಾನ್ ಐಸೋಟೋಪ್ ತರಹದ ಬೇರೆ ಗುರುತು ಬೇಕು. ಸಂಶೋಧನೆಗೆ ಸರಿ, ಒಂದು ಮನೆಯ ಬೋರ್‌ಗೆ ಯಾರೂ ಮಾಡಿಕೊಡುವುದಿಲ್ಲ. ಸುಲಭದ ಸುಳಿವು ಅಂದರೆ ಕ್ಲೋರೈಡ್ (ಉಪ್ಪಿನ ಅಂಶ) ಮತ್ತು ಕೋಲಿಫಾರ್ಮ್ (ಮಲದಲ್ಲಿರುವ ಬ್ಯಾಕ್ಟೀರಿಯಾ) ನೋಡಿ. ಅವೂ ಜೊತೆಗೆ ಜಾಸ್ತಿ ಇದ್ದರೆ ಬರೀ ಯೂರಿಯಾ ಅಲ್ಲ ಅಂತ ಅರ್ಥ.

ನೀರಿಲ್ಲದ_ನಾರಾಯಣ
ಎಲ್ಲ ಬಿಡಿ. ಕೆಸಿ ವ್ಯಾಲಿ ನೀರು ಬಂದ ಮೇಲೆ ಹೀಗಾಗಿದ್ದು. ಬೆಂಗಳೂರಿನವರ ಕೊಳಚೆ ನಮ್ಮ ಕೆರೆಗೆ ಬಿಟ್ಟು, ಈಗ ನಮ್ಮ ರೈತರ ಗೊಬ್ಬರದ ಮೇಲೆ ಗೂಬೆ ಕೂರಿಸುತ್ತಿದ್ದೀರಿ. ಎರಡನೇ ಹಂತದ ಸಂಸ್ಕರಣೆ ಅಷ್ಟೇ ಮಾಡಿ ಕಳಿಸುತ್ತಾರೆ, ಮೂರನೇ ಹಂತ ಇಲ್ಲ.

ಕೆರೆ_ಏರಿ
ನಾರಾಯಣಪ್ಪ, ಆ ನೀರು ಬಂದಿದ್ದು 2018ರಲ್ಲಿ. ಅದಕ್ಕೂ ಮೊದಲೇ ಕೇಂದ್ರ ಅಂತರ್ಜಲ ಮಂಡಳಿಯ ನೈಟ್ರೇಟ್ ಪಟ್ಟಿಯಲ್ಲಿ ಕೋಲಾರ ಇತ್ತು. ಆ ನೀರಿನಿಂದ ನಮ್ಮೂರ ಬೋರ್‌ಗಳು ಮರುಜೀವ ಪಡೆದಿವೆ, ಅದನ್ನೂ ಹೇಳಿ.

ನೀರಿಲ್ಲದ_ನಾರಾಯಣ
ಮರುಜೀವ ಪಡೆದ ಬೋರ್‌ನಲ್ಲಿ ಬರೋದು ಏನು ಅಂತ ಒಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ಹೊಗಳಿ.

ಕೆರೆ_ಏರಿ
ನಿಮ್ಮದನ್ನೂ ಮಾಡಿಸಿ. ಇಬ್ಬರೂ ಇಲ್ಲೇ ಹಾಕೋಣ.

ನಿರ್ವಾಹಕ
ಕೆಸಿ ವ್ಯಾಲಿಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಗೊಬ್ಬರದ ವಿಷಯ ಮಾತ್ರ.

ಹಾವೇರಿ_ಹೈದ
ನಮ್ಮ ಕಡೆ ಹೊಲದಾಗ ಕುರಿ ನಿಲ್ಲಿಸ್ತಾರ. ಕುರುಬರು ಹಿಂಡು ತಂದು ರಾತ್ರಿ ಹೊಲದಾಗ ತರಬ್ತಾರ, ನಾವು ಕಾಳು, ರೊಕ್ಕ ಕೊಡ್ತೀವಿ. ಹಿಕ್ಕಿ, ಉಚ್ಚಿ ಎಲ್ಲಾ ಅಲ್ಲೇ ಬೀಳ್ತೈತಿ, ಮರುದಿನ ಜಾಗ ಬದಲಿ. ಎಲ್ಲೂ ಗುಡ್ಡಿ ಇಲ್ಲ. ಇದಕ್ಕೂ ಕಾಯ್ದೆ ತರ್ತೀರೇನ್ರಿ?

ಮಣ್ಣಿನ_ಮೇಷ್ಟ್ರು
ಬೇಡಪ್ಪಾ ಬೇಡ. ಹಂಚಿ ಬಿದ್ದ ಗೊಬ್ಬರಕ್ಕೆ ತೊಂದರೆ ಇಲ್ಲ. ನಿಮ್ಮದು ಎರೆ ಹೊಲ ಬೇರೆ, ನೀರು ನಿಧಾನ ಇಳಿಯುತ್ತದೆ. ಒಂದೇ ಜಾಗದಲ್ಲಿ ಕೂತು ಮಳೆಯಲ್ಲಿ ನೆನೆಯುವ ಗುಡ್ಡೆಯೇ ದೊಡ್ಡ ತಲೆನೋವು.

ಜರ್ಮನಿ_ಜಯಂತಿ
ನಂಜುಂಡ ಅವರು ಡಚ್ ಕಥೆ ಹೇಳಿದರು, ಜರ್ಮನಿಯದ್ದು ನಾನು ಹೇಳುತ್ತೇನೆ. ಇಲ್ಲಿ ಕಾನೂನು ಪುಸ್ತಕದಲ್ಲಿ ಇತ್ತು, ಬಿಗಿ ಇರಲಿಲ್ಲ. ಒಕ್ಕೂಟ 2016ರಲ್ಲಿ ಜರ್ಮನಿಯನ್ನೇ ಕೋರ್ಟಿಗೆ ಎಳೆಯಿತು. 2018ರ ಜೂನ್‌ನಲ್ಲಿ ತೀರ್ಪು ಜರ್ಮನಿ ವಿರುದ್ಧ ಬಂತು. ದಿನಕ್ಕೆ 8 ಲಕ್ಷ ಯೂರೋ ಮೇಲೆ ದಂಡ ಬೀಳಬಹುದು ಅಂದಾಗ 2020ರಲ್ಲಿ ಗೊಬ್ಬರ ನಿಯಮ ಬಿಗಿ ಮಾಡಿದರು. ನೈಟ್ರೇಟ್ ಜಾಸ್ತಿ ಇರುವ "ಕೆಂಪು ಪ್ರದೇಶ"ಗಳಲ್ಲಿ ಬೆಳೆಗೆ ಬೇಕಾದ್ದಕ್ಕಿಂತ 20% ಕಡಿಮೆ ಸಾರಜನಕ ಹಾಕಬೇಕು. ರೈತರು ಬರ್ಲಿನ್ ತುಂಬಾ ಟ್ರ್ಯಾಕ್ಟರ್ ತಂದರು. ಅವರ ವಾದದಲ್ಲೂ ಅರ್ಥ ಇತ್ತು: ನಾನು ಲೆಕ್ಕ ಸರಿಯಾಗಿ ಇಟ್ಟಿದ್ದೇನೆ, ನನ್ನ ಹೊಲ ಕೆಂಪು ಗೆರೆಯೊಳಗೆ ಬಿತ್ತು ಅಂತ ನಾನ್ಯಾಕೆ ಕಡಿಮೆ ಹಾಕಲಿ? ನೀರು ಅಳೆಯುವ ಬಾವಿಗಳು ಸರಿಯಾದ ಜಾಗದಲ್ಲಿ ಇವೆಯಾ ಅನ್ನುವುದೇ ವರ್ಷಗಟ್ಟಲೆ ಜಗಳ.

ಸುಮ್ನೆ "ತಿಳುವಳಿಕೆ ಮೂಡಿಸಿ" ಅಂದರೆ ಏನೂ ಆಗುವುದಿಲ್ಲ ಅನ್ನೋದು ಮಾತ್ರ ಇಲ್ಲಿ ನೋಡಿದ್ದೇನೆ. ದಂಡ ಕಣ್ಣ ಮುಂದೆ ಬಂದಾಗಲೇ ಎಲ್ಲ ಓಡಿದ್ದು.

ಎಲೆಮರೆ_ಕಾಯಿ
ಅಲ್ಲಿ ಒಬ್ಬ ರೈತನಿಗೆ ನೂರಾರು ಎಕರೆ. ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಬರೆಯುತ್ತಾನೆ. ನಮ್ಮಲ್ಲಿ ಒಂದೂವರೆ ಎಕರೆಯವನು ಯಾರಿಗೆ ಲೆಕ್ಕ ಕೊಡಬೇಕು? ಗ್ರಾಮ ಲೆಕ್ಕಿಗರಿಗಾ? ಇನ್ನೊಂದು ಕಾನೂನು ಅಂದರೆ ಇನ್ನೊಂದು ಕೈಬಿಸಿ. ನನ್ನ ವೋಟು ಬೇಡ ಅಂತ.

ಮಣ್ಣಿನ_ಮೇಷ್ಟ್ರು
ಎಕರೆ ಲೆಕ್ಕ ನಮ್ಮಲ್ಲಿ ಬೇಕಾಗಿಯೇ ಇಲ್ಲ ಅಂತ ನಾನೂ ಹೇಳುತ್ತೇನೆ. ನೋಡಿ, ಯೂರೋಪಿನ 170 ಕಿಲೋ ಮಿತಿಯನ್ನು ಹಾಗೇ ತಂದರೂ ಕೊಟ್ಟಿಗೆ ಗೊಬ್ಬರದವನು ಎಕರೆಗೆ 14 ಟನ್ ತನಕ ಹಾಕಬಹುದು. ಅಷ್ಟು ಯಾರ ಹತ್ತಿರ ಇದೆ? ಹಸು ಸಾಕುವ ಸಣ್ಣ ರೈತ ಆ ಗೆರೆ ಮುಟ್ಟುವುದೇ ಇಲ್ಲ. ಕೋಳಿ ಗೊಬ್ಬರದವನು ಎರಡೂವರೆ ಟನ್ನಿಗೇ ಮುಟ್ಟುತ್ತಾನೆ. ಹಾಗಾದರೆ ಲಕ್ಷಾಂತರ ರೈತರ ಹಿಂದೆ ಯಾಕೆ ಬೀಳಬೇಕು? ಲಾರಿ ಹಿಂದೆ ಬೀಳಿ. ಫಾರ್ಮ್‌ಗಳ ವಿಳಾಸ ಮಂಡಳಿಯ ಹತ್ತಿರ ಇದೆ. ಲೋಡಿಗೆ ಒಂದು ಚೀಟಿ: ಎಲ್ಲಿಂದ, ಎಲ್ಲಿಗೆ, ಎಷ್ಟು ಟನ್. ಇಳಿಸಿದ ಮೇಲೆ ಇಷ್ಟು ದಿನದೊಳಗೆ ಮಣ್ಣಿಗೆ ಸೇರಿಸಬೇಕು, ಇಲ್ಲವೇ ಟಾರ್ಪಾಲು ಹೊದಿಸಬೇಕು. ಬೋರ್, ಬಾವಿಯಿಂದ ಇಂತಿಷ್ಟು ದೂರ. ಇಷ್ಟು ಸಾಕು. ಉಳಿದದ್ದು ಆಮೇಲೆ.

ಲೇಯರ್_ಫಾರ್ಮ್_ಲೋಕೇಶ
ಚೀಟಿ ಕೊಡೋದಕ್ಕೆ ನನಗೇನೂ ಅಡ್ಡಿ ಇಲ್ಲ, ಈಗಲೂ ಬಿಲ್ ಬರೆಯುತ್ತೇನೆ. ಆದರೆ ದಾರಿಯಲ್ಲಿ ನಿಂತು ಚೀಟಿ ಕೇಳುವವರಿಗೆ ಏನು ಕೊಡಬೇಕು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

ಜರ್ಮನಿ_ಜಯಂತಿ
ಮೇಷ್ಟ್ರೇ, ಕೇಳೋದಕ್ಕೆ ಚೆನ್ನಾಗಿದೆ. ಆದರೆ ಯೂರಿಯಾ ಪೂರ್ತಿ ಬಿಟ್ಟುಬಿಟ್ಟಿರಿ. ಮಂಡ್ಯದವರು ಹೇಳಿದ್ದು ಏನಾಯಿತು? ಬರೀ ಕೋಳಿಯವರನ್ನು ಹಿಡಿದರೆ ಅವರು ಬಿಟ್ಟಾರಾ?

ಮಣ್ಣಿನ_ಮೇಷ್ಟ್ರು
ಯೂರಿಯಾ ಬೆಲೆ ಮುಟ್ಟುವ ಧೈರ್ಯ ಯಾವ ಸರ್ಕಾರಕ್ಕೂ ಇಲ್ಲ ಮೇಡಂ. ಆಗುವುದನ್ನು ಮೊದಲು ಮಾಡೋಣ ಅಂದೆ.

ಮಂಡ್ಯ_ಗೌಡ್ರು
ಸದ್ಯ, ನಮ್ಮ ಮೂಟೆ ಉಳಿಯಿತು 😄

ಚಿಂತಾಮಣಿ_ಚಿನ್ನಪ್ಪ
ನಾನೂ ಪರೀಕ್ಷೆ ಮಾಡಿಸಿದ್ದೆ. ನನ್ನದು 24 ಬಂದಿದೆ, ಅಂದರೆ ನಾನು ಬಚಾವ್. ಕೋಳಿ ಗೊಬ್ಬರ ನಾನೂ ಹಾಕುತ್ತೇನೆ, ಏನೂ ಆಗಿಲ್ಲ.

ಮಕ್ಕಳ_ಡಾಕ್ಟ್ರು
ಚಿನ್ನಪ್ಪನವರೇ, ವರದಿಯಲ್ಲಿ "ನೈಟ್ರೇಟ್" ಅಂತ ಇದೆಯಾ, "ನೈಟ್ರೇಟ್ ನೈಟ್ರೋಜನ್" ಅಂತ ಇದೆಯಾ? ಸರಿಯಾಗಿ ನೋಡಿ ಹೇಳಿ.

ಚಿಂತಾಮಣಿ_ಚಿನ್ನಪ್ಪ
ನೈಟ್ರೇಟ್ ಆದಮೇಲೆ ಸಣ್ಣ ಗೆರೆ, ಆಮೇಲೆ ಎನ್ ಅಂತ ಇದೆ.

ಮಕ್ಕಳ_ಡಾಕ್ಟ್ರು
ಹಾಗಾದರೆ ಅದು ನೈಟ್ರೇಟ್‌ನಲ್ಲಿರುವ ಸಾರಜನಕದ ತೂಕ ಮಾತ್ರ, ಪೂರ್ತಿ ನೈಟ್ರೇಟ್ ಬೇಕಾದರೆ 4.43ರಿಂದ ಗುಣಿಸಬೇಕು. 24 ಅಂದರೆ ಸುಮಾರು 106. ಅಮೆರಿಕದ ಮಿತಿ 10 ಅಂತ ಓದಿರುತ್ತೀರಲ್ಲ, ಅದು ಈ ಲೆಕ್ಕದ್ದು. ನಮ್ಮ 45ಕ್ಕೆ ಹೆಚ್ಚುಕಡಿಮೆ ಸಮ. ನಿಮ್ಮದೂ ಎರಡು ಪಟ್ಟಿಗಿಂತ ಜಾಸ್ತಿ ಇದೆ. ಕುಡಿಯೋದು ನಿಲ್ಲಿಸಿ.

ಚಿಂತಾಮಣಿ_ಚಿನ್ನಪ್ಪ
ಅಯ್ಯೋ ಶಿವನೇ. ಲ್ಯಾಬಿನವನು ಇದನ್ನು ಹೇಳಲೇ ಇಲ್ಲ.

ಬೋರ್‌ವೆಲ್_ಬಾಬು
ಇಬ್ಬರದೂ ಹೀಗೇ ಅಂದರೆ ನಮ್ಮ ಕಡೆಯ ಎಲ್ಲರದ್ದೂ ಹೀಗೇ ಇರಬೇಕು.

ಕೆರೆ_ಏರಿ
ಇರಬಹುದು. 2024ರ ಕೇಂದ್ರ ಅಂತರ್ಜಲ ಮಂಡಳಿ ವರದಿಯಲ್ಲಿ ದೇಶದಲ್ಲಿ ಐದರಲ್ಲಿ ಒಂದು ಮಾದರಿ ನೈಟ್ರೇಟ್ ಮಿತಿ ದಾಟಿತ್ತು. ಕರ್ನಾಟಕದಲ್ಲಿ 48%. ರಾಜಸ್ಥಾನ ಬಿಟ್ಟರೆ ನಾವೇ.

ಡ್ರಿಪ್_ದಾಸಪ್ಪ
ಎಲ್ಲರೂ ಕುಡಿಯುವ ನೀರಿನದ್ದೇ ಮಾತಾಡಿದಿರಿ. ನಾನು ದುಡ್ಡಿನ ಮಾತಾಡುತ್ತೇನೆ. 110 ಮಿಲಿಗ್ರಾಂ ನೈಟ್ರೇಟ್ ಅಂದರೆ ಅದರಲ್ಲಿ ಸಾರಜನಕ ಸುಮಾರು 25. ಟೊಮೆಟೊಗೆ ಒಂದು ಬೆಳೆಗೆ ಎಕರೆಗೆ 20 ಲಕ್ಷ ಲೀಟರ್ ನೀರು ಬಿಟ್ಟಿರಿ ಅಂತಿಟ್ಟುಕೊಳ್ಳಿ. 50 ಕಿಲೋ ಸಾರಜನಕ ನೀರಿನಲ್ಲೇ ಹೋಯಿತು. ಎರಡು ಮೂಟೆಗಿಂತ ಜಾಸ್ತಿ ಯೂರಿಯಾ ಪುಕ್ಕಟೆ. ಆದರೂ ಅಂಗಡಿಯವನು ಹೇಳಿದ ಹಾಗೆ ಪೂರ್ತಿ ಗೊಬ್ಬರ ಬಿಡುತ್ತೀರಿ. ಗಿಡ ಎತ್ತರ ಹೋಗುತ್ತದೆ, ಎಲೆ ಕಡು ಹಸಿರು, ಹೂ ಉದುರುತ್ತದೆ, ರಸ ಹೀರುವ ಹುಳ ಮುತ್ತುತ್ತದೆ, ಮತ್ತೆ ಔಷಧಿಗೆ ದುಡ್ಡು. ನೀರಿನ ವರದಿ ಇಟ್ಟುಕೊಂಡು ಗೊಬ್ಬರ ಕಡಿಮೆ ಮಾಡಿ. ನಾನು ಸಾರಜನಕ ಮೂರನೇ ಒಂದು ಪಾಲು ಇಳಿಸಿದೆ, ಇಳುವರಿ ಕಡಿಮೆ ಆಗಲಿಲ್ಲ.

ತೋಟದ_ಮನೆ
ದಾಸಪ್ಪಣ್ಣ, ಇದು ನನಗೆ ಹೊಳೆದೇ ಇರಲಿಲ್ಲ. ಪಕ್ಕದವರಿಗೂ ಈ ಲೆಕ್ಕವನ್ನೇ ತೋರಿಸುತ್ತೇನೆ. ನೀರು ಕೆಡುತ್ತದೆ ಅಂದರೆ ಕೇಳಲ್ಲ, ದುಡ್ಡು ಉಳಿಯುತ್ತದೆ ಅಂದರೆ ಕೇಳಬಹುದು.

ಎಲೆಮರೆ_ಕಾಯಿ
ಟೊಮೆಟೊ ಬಾಕ್ಸ್ ಇವತ್ತು ಎಷ್ಟಕ್ಕೆ ಹೋಯಿತು ಕೋಲಾರ ಮಂಡಿಯಲ್ಲಿ?

ಚಿಂತಾಮಣಿ_ಚಿನ್ನಪ್ಪ
ಕೇಳಬೇಡಿ. ಕೀಳೋ ಕೂಲಿಯೂ ಹುಟ್ಟಲಿಲ್ಲ.

ನಿರ್ವಾಹಕ
ಮಂಡಿ ದರಕ್ಕೂ ಬೇರೆ ಚರ್ಚೆ ಇದೆ!

ಶುದ್ಧ_ನೀರಿನ_ಶಾಂತಕ್ಕ
ನಾನು ನಮ್ಮೂರಿನ ಆರ್‌ಓ ಘಟಕ ನೋಡಿಕೊಳ್ಳುತ್ತೇನೆ. ಒಂದು ವಿಷಯ ಯಾರೂ ಹೇಳಲಿಲ್ಲ. ಆರ್‌ಓ ತೆಗೆದ ನೈಟ್ರೇಟ್ ಮಾಯ ಆಗುವುದಿಲ್ಲ, ಹೊರಗೆ ಬಿಡುವ ಕೆಟ್ಟ ನೀರಿನಲ್ಲಿ ಇರುತ್ತದೆ. ನಮ್ಮ ಘಟಕದ ಆ ನೀರು ಚರಂಡಿಗೆ, ಚರಂಡಿಯಿಂದ ಕುಂಟೆಗೆ, ಅಲ್ಲಿಂದ ಮತ್ತೆ ಭೂಮಿಗೆ. ಈಗ ಅದನ್ನು ಶಾಲೆಯ ತೆಂಗಿನ ಗಿಡಕ್ಕೆ ತಿರುಗಿಸಿದ್ದೇವೆ.

ಮತ್ತೆ, ಪರೀಕ್ಷೆಗೆ ದುಡ್ಡು ಕೊಟ್ಟು ಸಿಟಿಗೆ ಹೋಗಬೇಕಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಿ ಕಿಟ್ ಕೊಡಬೇಕು ಅಂತಿದೆ. ನೈಟ್ರೇಟ್ ಅದರಲ್ಲಿ ನೋಡಬಹುದು. ಬಣ್ಣ ಹೋಲಿಸಿ ಹೇಳೋದು, ಕರಾರುವಾಕ್ಕಲ್ಲ, ಆದರೆ ಜಾಸ್ತಿ ಇದೆಯಾ ಇಲ್ಲವಾ ಗೊತ್ತಾಗುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಕಿಟ್ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುತ್ತಾರೆ, ಕೇಳಿ ತೆಗೆಸಿ. ಮುಂಗಾರಿಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನೋಡಿ.

ಕಪ್ಪು_ಕೋಟು
ಕಾನೂನು ಇಲ್ಲವೇ ಇಲ್ಲ ಅನ್ನುವವರಿಗೆ: 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಕಲಂ ಓದಿ. ನೀರು ಕೆಡಿಸುವ ವಸ್ತುವನ್ನು ಗೊತ್ತಿದ್ದೂ ಹೊಳೆಗೆ, ಬಾವಿಗೆ ಅಥವಾ ಭೂಮಿಗೆ ಬಿಡಬಾರದು ಅಂತ ಇದೆ. ಆದರೆ ಈ ಗುಡ್ಡೆಯಿಂದಲೇ ನನ್ನ ಬೋರ್ ಕೆಟ್ಟಿತು ಅಂತ ಸಾಬೀತು ಮಾಡುವುದು ಯಾರು? ನಿಮ್ಮ ಗುಂಡಿ 60 ಅಡಿಯಲ್ಲಿದೆ ಅಂತ ನೀವೇ ಇಲ್ಲಿ ಬರೆದಿದ್ದೀರಿ. ಎದುರಿನ ವಕೀಲ ಅದನ್ನೇ ಮೊದಲು ಹಿಡಿಯುತ್ತಾನೆ. ಗ್ರಾಮಸಭೆಗೆ ಬರಹದಲ್ಲಿ ಅರ್ಜಿ ಕೊಡಿ, ನೀರಿನ ವರದಿ ಲಗತ್ತಿಸಿ, ನಡಾವಳಿಯಲ್ಲಿ ಬರೆಸಿ. ನಗುವುದಕ್ಕಿಂತ ಬರೆಯುವುದು ಅವರಿಗೆ ಕಷ್ಟ.

ತೋಟದ_ಮನೆ
ಸರಿ ಸರ್. ಗ್ರಾಮಸಭೆ ಮುಂದಿನ ತಿಂಗಳು ಇದೆ. ಅಷ್ಟರೊಳಗೆ ಕ್ಲೋರೈಡ್, ಕೋಲಿಫಾರ್ಮ್ ಎರಡೂ ಮಾಡಿಸುತ್ತೇನೆ. ಪಕ್ಕದವರ ಹತ್ತಿರ ಟಾರ್ಪಾಲಿನ ಮಾತು ಎತ್ತಿದೆ. "ದುಡ್ಡು ಯಾರು ಕೊಡೋದು?" ಅಂದರು. ಅರ್ಧ ನಾನು ಕೊಡುತ್ತೇನೆ ಅಂದಿದ್ದೇನೆ.

ಸಾವಯವ_ಸಿದ್ದ
ಕೆಡಿಸಿದವರು ಅವರು, ಅರ್ಧ ದುಡ್ಡು ನಿಮ್ಮದಾ? ಚೆನ್ನಾಗಿದೆ ನ್ಯಾಯ.

ಮುಳಬಾಗಿಲ_ದೋಸೆ
ಸಿದ್ದಣ್ಣ, 60 ಅಡಿ.

ಲೇಯರ್_ಫಾರ್ಮ್_ಲೋಕೇಶ
ದಪ್ಪದ್ದು ತಗೊಳ್ಳಿ ಅಣ್ಣ, ತೆಳ್ಳಗಿನ ನೀಲಿ ಶೀಟು ಒಂದೇ ಬೇಸಿಗೆಗೆ ಹರಿದು ಹೋಗುತ್ತದೆ. ಗುಡ್ಡೆ ಸುತ್ತ ಮಣ್ಣಿನ ಒಡ್ಡು ಹಾಕಿಸಿ, ಇಲ್ಲದಿದ್ದರೆ ಮೇಲಿನ ನೀರು ಅಡಿಯಿಂದ ನುಗ್ಗುತ್ತದೆ.